ಫೋನಿಗೆ ‘ರೂಟ್’ ಇದೆ, ಆ್ಯಪ್‌ಗೆ ಕಾಣುತ್ತಿಲ್ಲ!



ಒಂದು ಸನ್ನಿವೇಶ ಕಲ್ಪಿಸಿಕೊಳ್ಳಿ. ನಿಮಗೆ ನಾಸಿಕ್‌ಗೆ ವರ್ಗವಾಗಿದೆ. ಅಮ್ಮ ಛತ್ರಪತಿ ಸಂಭಾಜಿನಗರದ ಸಿಡ್ಕೋ ಬಡಾವಣೆಯಲ್ಲಿ ಒಬ್ಬರೇ ಇದ್ದಾರೆ. (೨೦೨೩ರವರೆಗೆ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದ ಊರೇ ಅದು.) ಮನ್ಮಾಡ್ ಮೂಲಕ ರೈಲಿನಲ್ಲಿ ಮೂರು ಗಂಟೆ ಚಿಲ್ಲರೆಯ ದಾರಿ. ಬೆಳಿಗ್ಗೆ ದೇವಸ್ಥಾನಕ್ಕೆ ಹೋದ ಅಮ್ಮ ಫೋನನ್ನು ಸೈಲೆಂಟ್ ಮಾಡಿದವರು, ಮತ್ತೆ ಶಬ್ದ ಹಾಕುವುದನ್ನು ಮರೆತಿದ್ದಾರೆ. ಸಂಜೆ ನೀವು ಹನ್ನೆರಡು ಬಾರಿ ಕರೆ ಮಾಡಿದರೂ ಉತ್ತರವಿಲ್ಲ. ಕೊನೆಗೆ ಪಕ್ಕದ ಮನೆಯವರು ಹೋಗಿ ಬಾಗಿಲು ಬಡಿದರೆ, “ಫೋನ್ ಕೇಳಿಸಲೇ ಇಲ್ಲಪ್ಪಾ” ಎನ್ನುತ್ತಾರೆ ಅಮ್ಮ.

ಇಂಥ ದಿನ ಮತ್ತೆ ಬರಬಾರದೆಂದು ನೀವು ಅವರ ಫೋನಿಗೆ ಒಂದು ಆಟೋಮೇಶನ್ ಆ್ಯಪ್ ಹಾಕುತ್ತೀರಿ. ನಿಮ್ಮ ನಂಬರಿನಿಂದ ಹತ್ತು ನಿಮಿಷದಲ್ಲಿ ಎರಡು ಕರೆ ಬಂದರೆ ಫೋನು ತಾನಾಗಿಯೇ ಜೋರಾಗಿ ಬಾರಿಸಬೇಕು ಎಂಬುದು ಮೊದಲ ನಿಯಮ. ರಾತ್ರಿ ಹತ್ತಕ್ಕೆ ಮೊಬೈಲ್ ಡೇಟಾ ತಾನಾಗಿ ಆರಬೇಕು ಎಂಬುದು ಎರಡನೆಯದು. ಈ ಎರಡನೆಯದಕ್ಕೆ ಆ್ಯಪ್ ‘ರೂಟ್ ಬೇಕು’ ಎನ್ನುತ್ತದೆ. ಯಾವುದೋ ವಿಡಿಯೋ ನೋಡಿ, ಒಂದು ಭಾನುವಾರ ಪೂರ್ತಿ ಕುಳಿತು, ಫೋನನ್ನು ರೂಟ್ ಮಾಡುತ್ತೀರಿ. ಆಮೇಲೆ ಆ್ಯಪ್ ತೆರೆದರೆ ಅದೇ ಹಳೆಯ ಮಾತು: ‘ರೂಟ್ ಪತ್ತೆಯಾಗಲಿಲ್ಲ.’

ಏನಾಯಿತು? ಈ ಸಲ ಅದನ್ನೇ ನೋಡೋಣ. ಫೋನು ರೂಟ್ ಮಾಡದೆ ಇರುವವರೂ ಕೊನೆಯವರೆಗೆ ಓದಿ. ನಿಮಗೆ ಬೇಕಾದ ಮಾತು ಅಲ್ಲೇ ಇದೆ.

ರೂಟ್ ಎಂದರೇನು?

ನಾವು ಬಹಳ ಮಂದಿ ವಠಾರದಲ್ಲೋ ಚಾಳಿನಲ್ಲೋ ಬೆಳೆದವರು. ಅಲ್ಲಿ ಪ್ರತಿ ಬಾಡಿಗೆದಾರನಿಗೂ ಅವನವನ ಕೋಣೆಯ ಬೀಗದಕೈ ಮಾತ್ರ ಇರುತ್ತದೆ. ಎಲ್ಲ ಕೋಣೆಗಳ ಬೀಗದಕೈಯಿರುವ ಗೊಂಚಲು ಮಾಲೀಕನ ಸೊಂಟದಲ್ಲಿ. ಆಂಡ್ರಾಯ್ಡ್ ಫೋನಿನ ಒಳಗಿನ ವ್ಯವಸ್ಥೆಯೂ ಹೀಗೆಯೇ. ೨೦೦೮ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂದಾಗಿನಿಂದ ಅದರ ತಳಹದಿ ಲಿನಕ್ಸ್. ಫೋನಿಗೆ ಹಾಕಿದ ಪ್ರತಿ ಆ್ಯಪ್‌ಗೂ ಅದು ಒಂದು ಬಳಕೆದಾರ ಸಂಖ್ಯೆ ಕೊಟ್ಟು, ಅದರದೇ ಕೋಣೆಯಲ್ಲಿ ಇಡುತ್ತದೆ. ಒಂದು ಆ್ಯಪ್ ಇನ್ನೊಂದರ ಕೋಣೆಗೆ ಕಾಲಿಡುವಂತಿಲ್ಲ. ಮಾಲೀಕನ ಸಂಖ್ಯೆ ಸೊನ್ನೆ. ಆ ಸೊನ್ನೆ ಸಂಖ್ಯೆಯ ಬಳಕೆದಾರನ ಹೆಸರೇ ರೂಟ್.

ಹೊಸ ಫೋನು ಕೊಂಡಾಗ ಮಾಲೀಕತ್ವ ನಮಗೆ ಸಿಗುವುದಿಲ್ಲ, ತಯಾರಕರು ಬೀಗ ಹಾಕಿಟ್ಟಿರುತ್ತಾರೆ. ಅದು ಬೂಟ್‌ಲೋಡರ್‌ಗೆ ಹಾಕಿದ ಬೀಗ. ಅದನ್ನು ತೆಗೆದು, ಮಾಲೀಕನ ಅಧಿಕಾರವನ್ನು ಕೇಳಿ ಪಡೆಯುವ ಒಂದು ಸಣ್ಣ ತಂತ್ರಾಂಶವನ್ನು ಒಳಗೆ ಸೇರಿಸುವುದೇ ರೂಟ್ ಮಾಡುವುದು. ಆ ಸಣ್ಣ ತಂತ್ರಾಂಶದ ಹೆಸರಿನಲ್ಲಿ ಎರಡೇ ಅಕ್ಷರ: ಎಸ್, ಯು. ಯಾವ ಆ್ಯಪ್‌ಗೆ ಗೊಂಚಲು ಕೊಡಬೇಕು, ಯಾವುದಕ್ಕೆ ಬೇಡ ಎಂದು ನೋಡಿಕೊಳ್ಳಲು ಗೇಟಿನಲ್ಲಿ ಒಬ್ಬ ಕಾವಲುಗಾರ ಬೇಕಲ್ಲವೇ? ಆ ಕೆಲಸವನ್ನು ಒಂದು ಕಾಲದಲ್ಲಿ ಸೂಪರ್‌ಎಸ್‌ಯು ಮಾಡುತ್ತಿತ್ತು. ಅದರ ಕಾಲ ಮುಗಿದಿದೆ. ಈಗ ಹೆಚ್ಚು ಬಳಕೆಯಲ್ಲಿರುವುದು ೨೦೧೬ರಲ್ಲಿ ಜಾನ್ ವು ಹೊರತಂದ ಮ್ಯಾಜಿಸ್ಕ್. ಈಚಿನ ವರ್ಷಗಳಲ್ಲಿ ಕರ್ನಲ್‌ಎಸ್‌ಯು ಕೂಡ ಜೊತೆಗೆ ಬಂದಿದೆ.

ಆಟೋಮೇಶನ್ ಆ್ಯಪ್‌ಗೆ ಇದೇಕೆ?

ಟಾಸ್ಕರ್, ಮ್ಯಾಕ್ರೋಡ್ರಾಯ್ಡ್, ಆಟೋಮೇಟ್ ಮುಂತಾದ ಆ್ಯಪ್‌ಗಳ ಕೆಲಸ ಸರಳ. ‘ಹೀಗಾದರೆ ಹಾಗೆ ಮಾಡು’ ಎಂದು ನೀವು ಹೇಳಿಕೊಟ್ಟರೆ ಅವು ಮಾಡುತ್ತವೆ. ಮೊದಮೊದಲು ಆಂಡ್ರಾಯ್ಡ್ ಇವಕ್ಕೆ ಸಾಕಷ್ಟು ಸ್ವಾತಂತ್ರ್ಯ ಕೊಟ್ಟಿತ್ತು. ಅದೇ ಸ್ವಾತಂತ್ರ್ಯವನ್ನು ಕಳ್ಳ ಆ್ಯಪ್‌ಗಳೂ ಬಳಸಬಹುದಿತ್ತು. ಹಾಗಾಗಿ ಒಂದೊಂದೇ ಬಾಗಿಲು ಮುಚ್ಚುತ್ತ ಬಂತು. ೨೦೧೨ರಲ್ಲಿ ಆಂಡ್ರಾಯ್ಡ್ ೪.೨ ಬಂದಾಗ ಸಾಮಾನ್ಯ ಆ್ಯಪ್‌ಗಳು ಏರೋಪ್ಲೇನ್ ಮೋಡ್ ಬದಲಾಯಿಸುವುದು ನಿಂತಿತು. ೨೦೧೪ರ ಆಂಡ್ರಾಯ್ಡ್ ೫ರಲ್ಲಿ ಮೊಬೈಲ್ ಡೇಟಾ ಗುಂಡಿಯೂ ಕೈತಪ್ಪಿತು. ೨೦೧೯ರ ಆಂಡ್ರಾಯ್ಡ್ ೧೦ರಿಂದ ಹೊಸ ಆ್ಯಪ್‌ಗಳು ವೈಫೈಯನ್ನೂ ತಾವಾಗಿ ಹಾಕಿ ಆರಿಸುವಂತಿಲ್ಲ. ಮುಚ್ಚಿದ ಈ ಬಾಗಿಲುಗಳಿಗಾಗಿಯೇ ಆ್ಯಪ್ ನಿಮ್ಮನ್ನು ಗೊಂಚಲು ಕೇಳುವುದು.

ಆ್ಯಪ್ ರೂಟನ್ನು ಹುಡುಕುವುದು ಹೇಗೆ?

ಇಲ್ಲಿ ಮೂರು ಹೆಜ್ಜೆಗಳಿವೆ. ಮೊದಲು ಆ್ಯಪ್ ‘ಎಸ್‌ಯು ಎಂಬ ಕಡತ ಈ ಫೋನಿನಲ್ಲಿದೆಯೇ’ ಎಂದು ನೋಡುತ್ತದೆ. ಇದ್ದರೆ ಅದನ್ನು ಓಡಿಸಿ ‘ನನಗೆ ಮಾಲೀಕನ ಅಧಿಕಾರ ಕೊಡು’ ಎಂದು ಕೇಳುತ್ತದೆ. ಆಗ ಕಾವಲುಗಾರ ನಿಮ್ಮನ್ನು ಕೇಳಿ ಒಪ್ಪಿಗೆ ಕೊಡುತ್ತಾನೆ ಅಥವಾ ತಡೆಯುತ್ತಾನೆ. ಕೊನೆಗೆ ಆ್ಯಪ್ ‘ಈಗ ನನ್ನ ಸಂಖ್ಯೆ ಎಷ್ಟು’ ಎಂದು ಕೇಳಿಕೊಳ್ಳುತ್ತದೆ. ಉತ್ತರ ಸೊನ್ನೆ ಎಂದು ಬಂದರೆ ರೂಟ್ ಸಿಕ್ಕಿತು.

ಗಮನಿಸಬೇಕಾದ ವಿಷಯ ಇದು. ಮೂರರಲ್ಲಿ ಯಾವ ಹೆಜ್ಜೆ ತಪ್ಪಿದರೂ ಪರದೆಯ ಮೇಲೆ ಬರುವುದು ಒಂದೇ ವಾಕ್ಯ, ‘ರೂಟ್ ಪತ್ತೆಯಾಗಲಿಲ್ಲ’. ಅದನ್ನು ಓದಿದವರು ಫೋನು ರೂಟ್ ಆಗಿಲ್ಲವೆಂದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಕೆಲವರು ಆ ಗಡಿಬಿಡಿಯಲ್ಲಿ ಫೋನನ್ನೇ ಕೆಡಿಸಿಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಮೂರು ಹೆಜ್ಜೆಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಹೆಜ್ಜೆ ಒಂದು: ರೂಟ್ ನಿಜವಾಗಿ ಇದೆಯೇ?

ಮ್ಯಾಜಿಸ್ಕ್ ಆ್ಯಪ್ ಫೋನಿನಲ್ಲಿ ಕಾಣುತ್ತಿದ್ದ ಮಾತ್ರಕ್ಕೆ ರೂಟ್ ಇದೆಯೆಂದಲ್ಲ. ಕಾವಲುಗಾರನ ಕುರ್ಚಿ ಇದೆ, ಕಾವಲುಗಾರ ಇಲ್ಲ ಎಂಬಂತೆ ಆಗಿರಬಹುದು. ಮ್ಯಾಜಿಸ್ಕ್ ತೆರೆದು ಮೊದಲ ಪುಟದಲ್ಲಿ ‘ಇನ್‌ಸ್ಟಾಲ್ಡ್’ ಎಂಬ ಸಾಲು ನೋಡಿ. ಅದರ ಮುಂದೆ ಆವೃತ್ತಿಯ ಸಂಖ್ಯೆ ಇರಬೇಕು. ಸಂಖ್ಯೆಯಿಲ್ಲದೆ ‘ಎನ್/ಎ’ ಎಂದಿದ್ದರೆ ರೂಟ್ ಇಲ್ಲ.

ಇದಕ್ಕೆ ಸಾಮಾನ್ಯ ಕಾರಣ ಕಂಪನಿಯಿಂದ ಬರುವ ಸಿಸ್ಟಂ ಅಪ್‌ಡೇಟ್. ಮ್ಯಾಜಿಸ್ಕ್ ಕುಳಿತಿರುವುದು ಫೋನು ಎದ್ದೇಳುವಾಗ ಬಳಸುವ ಬೂಟ್ ಭಾಗದಲ್ಲಿ. ಅಪ್‌ಡೇಟ್ ಆ ಭಾಗವನ್ನು ಹೊಸದಾಗಿ ಬರೆಯುತ್ತದೆ, ರೂಟ್ ಅಳಿಸಿಹೋಗುತ್ತದೆ. ಮ್ಯಾಜಿಸ್ಕ್‌ನ ಆ್ಯಪ್ ಮಾತ್ರ ಉಳಿಯುತ್ತದೆ. ‘ನಿನ್ನೆಯವರೆಗೆ ಸರಿಯಾಗಿತ್ತು, ಇವತ್ತು ಇಲ್ಲ’ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ.

ಇನ್ನೊಂದು ಪರೀಕ್ಷೆಯೂ ಇದೆ. ಯಾವುದಾದರೂ ಟರ್ಮಿನಲ್ ಆ್ಯಪ್ ತೆರೆದು ಎಸ್, ಯು ಎಂಬ ಎರಡು ಇಂಗ್ಲಿಷ್ ಅಕ್ಷರ ಒತ್ತಿ ಎಂಟರ್ ಮಾಡಿ. ಒಪ್ಪಿಗೆ ಕೇಳಿದರೆ ಕೊಡಿ. ಸಾಲಿನ ಕೊನೆಯಲ್ಲಿದ್ದ ಡಾಲರ್ ಚಿಹ್ನೆ ಹೋಗಿ ಹ್ಯಾಷ್ ಚಿಹ್ನೆ ಬಂದರೆ ರೂಟ್ ಇದೆ ಎಂದರ್ಥ. ಆಗ ತೊಂದರೆ ಇರುವುದು ನಿಮ್ಮ ಆಟೋಮೇಶನ್ ಆ್ಯಪ್ ಮತ್ತು ಕಾವಲುಗಾರನ ನಡುವೆ. (ಕರ್ನಲ್‌ಎಸ್‌ಯು ಇದ್ದರೆ ಟರ್ಮಿನಲ್ ಆ್ಯಪ್‌ಗೆ ಮೊದಲೇ ಒಪ್ಪಿಗೆ ಕೊಟ್ಟಿರಬೇಕು. ಕಾರಣ ಮುಂದೆ ಬರುತ್ತದೆ.)

ಹೆಜ್ಜೆ ಎರಡು: ಒಪ್ಪಿಗೆ ಸಿಕ್ಕಿದೆಯೇ?

ಆ್ಯಪ್ ಮೊದಲ ಸಲ ಕೇಳಿದಾಗ ಮ್ಯಾಜಿಸ್ಕ್ ಪರದೆಯ ಮೇಲೆ ‘ಕೊಡಲೇ, ಬೇಡವೇ’ ಎಂದು ಕೇಳುತ್ತದೆ. ಮೂಲ ಸೆಟ್ಟಿಂಗ್‌ನಲ್ಲಿ ಹತ್ತು ಸೆಕೆಂಡ್ ಮಾತ್ರ ಕಾಯುತ್ತದೆ. ನೀವು ಆ ಹೊತ್ತಿಗೆ ಚಹಾ ತರಲು ಹೋಗಿದ್ದರೆ ‘ಬೇಡ’ ಎಂದೇ ಲೆಕ್ಕ. ಅವಸರದಲ್ಲಿ ‘ಬೇಡ’ ಎಂಬುದನ್ನೇ ಒತ್ತಿದ್ದರೆ ಆ ಉತ್ತರ ನೆನಪಿನಲ್ಲಿ ಉಳಿಯುತ್ತದೆ, ಮತ್ತೆ ಕೇಳುವುದೇ ಇಲ್ಲ. ಮ್ಯಾಜಿಸ್ಕ್‌ನ ಸೂಪರ್‌ಯೂಸರ್ ಪುಟಕ್ಕೆ ಹೋಗಿ. ಅಲ್ಲಿ ನಿಮ್ಮ ಆ್ಯಪ್‌ನ ಹೆಸರಿದ್ದು ಗುಂಡಿ ಆಫ್ ಆಗಿದ್ದರೆ ಆನ್ ಮಾಡಿ.

ಹೆಸರೇ ಇಲ್ಲವೇ? ಹಾಗಾದರೆ ‘ಡಿನೈ ಲಿಸ್ಟ್’ ನೋಡಿ. ಯಾವ ಆ್ಯಪ್‌ಗಳಿಗೆ ಮ್ಯಾಜಿಸ್ಕ್‌ನ ಸುಳಿವೇ ಸಿಗಬಾರದೋ ಅವುಗಳ ಪಟ್ಟಿ ಅದು. ಬ್ಯಾಂಕ್ ಆ್ಯಪ್ ಸೇರಿಸಲು ಹೋಗಿ ಎಲ್ಲದಕ್ಕೂ ಟಿಕ್ ಹಾಕಿದ್ದರೆ ನಿಮ್ಮ ಆಟೋಮೇಶನ್ ಆ್ಯಪ್ ಕೂಡ ಅದರೊಳಗೆ ಸೇರಿಹೋಗಿರುತ್ತದೆ. ಪಟ್ಟಿಯಿಂದ ತೆಗೆದು, ಫೋನನ್ನು ಒಮ್ಮೆ ಆರಿಸಿ ಹಚ್ಚಿ.

ಕರ್ನಲ್‌ಎಸ್‌ಯು ಹಾಕಿದವರಿಗೆ ಬೇರೆಯದೇ ಮಾತು. ಅದು ನಿಮ್ಮನ್ನು ಏನೂ ಕೇಳುವುದಿಲ್ಲ. ಒಪ್ಪಿಗೆ ಇಲ್ಲದ ಆ್ಯಪ್‌ಗೆ ಎಸ್‌ಯು ಎಂಬ ಕಡತ ಇದೆಯೆಂದೇ ಕಾಣದು. ಮ್ಯಾಜಿಸ್ಕ್ ಅಭ್ಯಾಸವಾದವರು ಪ್ರಶ್ನೆ ಬರಲಿ ಎಂದು ಕಾಯುತ್ತ ಕೂರುತ್ತಾರೆ, ಪ್ರಶ್ನೆ ಬರುವುದೇ ಇಲ್ಲ. ನೀವೇ ಕರ್ನಲ್‌ಎಸ್‌ಯು ಆ್ಯಪ್ ತೆರೆದು, ಪಟ್ಟಿಯಲ್ಲಿ ಆಟೋಮೇಶನ್ ಆ್ಯಪ್ ಹುಡುಕಿ, ಮುಂಚಿತವಾಗಿ ಒಪ್ಪಿಗೆ ಕೊಡಬೇಕು.

ಇನ್ನೊಂದು ಸಣ್ಣ ಕಾರಣವೂ ಇದೆ. ಆ್ಯಪನ್ನು ಡ್ಯುಯಲ್ ಆ್ಯಪ್, ಸೆಕೆಂಡ್ ಸ್ಪೇಸ್ ಅಥವಾ ಕಚೇರಿಯ ವರ್ಕ್ ಪ್ರೊಫೈಲ್ ಒಳಗೆ ಹಾಕಿದ್ದರೆ ಫೋನು ಅದನ್ನು ಇನ್ನೊಬ್ಬ ಬಳಕೆದಾರನೆಂದು ತಿಳಿಯುತ್ತದೆ. ಮುಖ್ಯ ಬಳಕೆದಾರನಿಗೆ ಮಾತ್ರ ರೂಟ್ ಎಂಬ ನಿಯಮವಿದ್ದಲ್ಲಿ ಕೋರಿಕೆ ಅಲ್ಲೇ ಬಿದ್ದುಹೋಗುತ್ತದೆ.

ಹೆಜ್ಜೆ ಮೂರು: ಆ್ಯಪ್ ಸರಿಯಾಗಿ ನೋಡುತ್ತಿದೆಯೇ?

ಹಳೆಯ ಆ್ಯಪ್‌ಗಳು ಎಸ್‌ಯು ಕಡತವನ್ನು ಕೆಲವು ನಿಗದಿತ ಜಾಗಗಳಲ್ಲಿ ಮಾತ್ರ ಹುಡುಕುತ್ತವೆ. ಸೂಪರ್‌ಎಸ್‌ಯು ಕಾಲದಲ್ಲಿ ಅದು ಅಲ್ಲೇ ಇರುತ್ತಿತ್ತು. ಮ್ಯಾಜಿಸ್ಕ್ ಸಿಸ್ಟಂ ಭಾಗವನ್ನು ಮುಟ್ಟದೆ ಕೆಲಸ ಮಾಡುವುದರಿಂದ ಕಡತ ಬೇರೆಡೆ ಇರಬಹುದು. ಮನೆ ಬದಲಿಸಿದವರನ್ನು ಹಳೆಯ ವಿಳಾಸದಲ್ಲಿ ಹುಡುಕಿದರೆ ಸಿಕ್ಕಾರೆಯೇ? ಆಟೋಮೇಶನ್ ಆ್ಯಪನ್ನು ಈಚಿನ ಆವೃತ್ತಿಗೆ ತನ್ನಿ.

ಕೆಲವು ಆ್ಯಪ್‌ಗಳು ಶುರುವಾಗುವಾಗ ಒಮ್ಮೆ ಪರೀಕ್ಷಿಸಿ ಆ ಉತ್ತರವನ್ನೇ ಇಟ್ಟುಕೊಳ್ಳುತ್ತವೆ. ನೀವು ಆಮೇಲೆ ಒಪ್ಪಿಗೆ ಕೊಟ್ಟಿದ್ದು ಅವಕ್ಕೆ ತಿಳಿದಿರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ನ ಪುಟಕ್ಕೆ ಹೋಗಿ ‘ಫೋರ್ಸ್ ಸ್ಟಾಪ್’ ಮಾಡಿ, ಮತ್ತೆ ತೆರೆಯಿರಿ. ಹಾಗೆಯೇ ನೀವು ಬರೆದ ನಿಯಮದ ಒಳಗೆ ‘ರೂಟ್ ಬಳಸು’ ಎಂಬ ಟಿಕ್ ಹಾಕಿದ್ದೀರಾ ನೋಡಿ. ಶೆಲ್ ಆಜ್ಞೆ ಬರೆದು ಆ ಟಿಕ್ ಮರೆತರೆ ಆಜ್ಞೆ ಬಾಡಿಗೆದಾರನ ಅಧಿಕಾರದಲ್ಲೇ ಓಡಿ ಸೋಲುತ್ತದೆ.

ಹಗಲು ನೀವು ಒತ್ತಿ ನೋಡಿದಾಗ ಸರಿ, ರಾತ್ರಿ ಹತ್ತಕ್ಕೆ ತಾನಾಗಿ ಆಗುವುದಿಲ್ಲ ಎಂದಾದರೆ ಅದು ಪತ್ತೆಯ ತೊಂದರೆ ಅಲ್ಲ. ಒಂದೋ ಬ್ಯಾಟರಿ ಉಳಿಸಲು ಫೋನು ಆ್ಯಪನ್ನು ಮಲಗಿಸಿದೆ, ಅಥವಾ ಒಪ್ಪಿಗೆ ಕೇಳುವ ಪ್ರಶ್ನೆ ಆರಿದ ಪರದೆಯ ಹಿಂದೆ ಬಂದು ಹೋಗಿದೆ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ಗೆ ‘ಅನ್‌ರಿಸ್ಟ್ರಿಕ್ಟೆಡ್’ ಕೊಡಿ, ರೂಟ್ ಒಪ್ಪಿಗೆಯನ್ನು ಶಾಶ್ವತ ಮಾಡಿ.

ಅದೇ ರೂಟನ್ನು ಬ್ಯಾಂಕೂ ಹುಡುಕುತ್ತದೆ

ಎಲ್ಲ ಸರಿಹೋಯಿತು, ಡೇಟಾ ತಾನಾಗಿ ಆರುತ್ತಿದೆ ಎಂದು ನೀವು ನಾಸಿಕ್‌ಗೆ ಮರಳುತ್ತೀರಿ. ತಿಂಗಳ ಮೊದಲ ವಾರ ಅಮ್ಮ ಪಿಂಚಣಿ ಬಂತೇ ಎಂದು ಬ್ಯಾಂಕ್ ಆ್ಯಪ್ ತೆರೆಯುತ್ತಾರೆ. ‘ಈ ಫೋನು ಸುರಕ್ಷಿತವಲ್ಲ’ ಎಂದು ಅದು ಮುಚ್ಚಿಕೊಳ್ಳುತ್ತದೆ. ಕಿರಾಣಿ ಅಂಗಡಿಯಲ್ಲಿ ಯುಪಿಐ ಕೂಡ ನಡೆಯದೆ ಹೋಗಬಹುದು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಆಟೋಮೇಶನ್ ಆ್ಯಪ್ ಕಷ್ಟಪಟ್ಟು ಹುಡುಕಿದ ರೂಟನ್ನು ಬ್ಯಾಂಕ್ ಆ್ಯಪ್ ಸುಲಭವಾಗಿ ಕಂಡುಹಿಡಿದಿದೆ.

ಇದು ಬ್ಯಾಂಕಿನವರ ಹಟವಲ್ಲ. ೨೦೨೧ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಡಿಜಿಟಲ್ ಪಾವತಿ ಭದ್ರತೆಯ ನಿರ್ದೇಶನದಲ್ಲಿ ಈ ಮಾತಿದೆ. ಫೋನು ರೂಟ್ ಆಗಿದೆಯೇ ಎಂದು ಪರೀಕ್ಷಿಸಿ, ಆಗಿದ್ದರೆ ಆ್ಯಪ್ ಕೆಲಸ ಮಾಡದಂತೆ ತಡೆಯುವ ಸಾಧ್ಯತೆಯನ್ನು ಬ್ಯಾಂಕುಗಳು ಪರಿಶೀಲಿಸಬಹುದು ಎಂದು ಅದು ಹೇಳುತ್ತದೆ. ಕಾರಣ ಸ್ಪಷ್ಟ. ಗೊಂಚಲು ಒಮ್ಮೆ ಕಳ್ಳ ಆ್ಯಪ್ ಕೈಗೆ ಹೋದರೆ ಬ್ಯಾಂಕ್ ಆ್ಯಪ್‌ನ ಕೋಣೆಯೂ ತೆರೆದಂತೆಯೇ. ‘ನಿಮ್ಮ ಕೆವೈಸಿ ಬಾಕಿ ಇದೆ, ಈ ಆ್ಯಪ್ ಹಾಕಿ’ ಎಂದು ಫೋನು ಮಾಡುವ ಮೋಸಗಾರರಿಗೆ ವಯಸ್ಸಾದವರ ಕೈಯಲ್ಲಿರುವ ರೂಟ್ ಆದ ಫೋನಿಗಿಂತ ಹೆಚ್ಚಿನ ಅನುಕೂಲ ಇನ್ನೇನು ಬೇಕು?

ರೂಟ್ ಮುಚ್ಚಿಡುವ ಉಪಾಯ ಹೇಳುವವರು ಬಹಳ. ಇಂದು ನಡೆದದ್ದು ನಾಳೆಯ ಅಪ್‌ಡೇಟ್‌ನಲ್ಲಿ ನಿಲ್ಲುತ್ತದೆ. ಪಿಂಚಣಿಯ ಹಣವನ್ನು ಇಂಥ ಆಟಕ್ಕೆ ಒಡ್ಡಬೇಡಿ. ‘ರೂಟ್ ತೆಗೆದುಬಿಟ್ಟರಾಯಿತು’ ಎನ್ನುವುದೂ ಪೂರ್ತಿ ನಿಜವಲ್ಲ. ಬೂಟ್‌ಲೋಡರ್ ಬೀಗ ತೆರೆದೇ ಇದ್ದರೆ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆಯಲ್ಲಿ ಫೋನು ಸಾಮಾನ್ಯವಾಗಿ ನಪಾಸಾಗುತ್ತದೆ. ಬೀಗ ತೆಗೆಯುವಾಗಲೂ, ಮತ್ತೆ ಹಾಕುವಾಗಲೂ ಫೋನಿನಲ್ಲಿರುವ ಫೋಟೋ, ಸಂದೇಶ ಎಲ್ಲ ಅಳಿಸಿಹೋಗುತ್ತವೆ. ಮೂಲ ತಂತ್ರಾಂಶ ಮರಳಿ ಹಾಕದೆ ಬೀಗ ಹಾಕಿದರೆ ಫೋನು ಏಳದೆಯೇ ಹೋಗಬಹುದು. ಸ್ಯಾಮ್‌ಸಂಗ್ ಫೋನುಗಳಲ್ಲಿ ನಾಕ್ಸ್ ಎಂಬ ಒಂದು ಗುರುತು ಒಮ್ಮೆ ಬಿದ್ದರೆ ಮತ್ತೆ ಅಳಿಯುವುದೇ ಇಲ್ಲ.

ಅಷ್ಟಕ್ಕೂ ರೂಟ್ ಬೇಕೇ?

ಈಗ ಮೊದಲಿಗೆ ಕೇಳಬೇಕಿದ್ದ ಪ್ರಶ್ನೆಗೆ ಬರೋಣ. ನಿಮಗೆ ಬೇಕಾದದ್ದು ಏನು? ಒಂದು ಕಾಗದದಲ್ಲಿ ಬರೆಯಿರಿ.

ಎರಡು ಕರೆ ಬಂದರೆ ರಿಂಗ್ ಜೋರಾಗಬೇಕು. ಇದಕ್ಕೆ ಕರೆಯ ಅನುಮತಿ ಮತ್ತು ‘ಡು ನಾಟ್ ಡಿಸ್ಟರ್ಬ್’ ಅನುಮತಿ ಸಾಕು, ರೂಟ್ ಬೇಡ. ಬ್ಯಾಟರಿ ಇಪ್ಪತ್ತಕ್ಕೆ ಇಳಿದರೆ ನಿಮಗೆ ಎಸ್‌ಎಂಎಸ್ ಬರಬೇಕು. ಎಸ್‌ಎಂಎಸ್ ಅನುಮತಿ ಸಾಕು. ನಿಮ್ಮ ರೈಲು ಮನ್ಮಾಡ್ ದಾಟಿದ ಕೂಡಲೇ ಅಮ್ಮನಿಗೆ ಸಂದೇಶ ಹೋಗಬೇಕು. ನಿಮ್ಮ ಫೋನಿನಲ್ಲಿ ಲೊಕೇಶನ್ ಅನುಮತಿ ‘ಯಾವಾಗಲೂ’ ಎಂದಿದ್ದರೆ ಸಾಕು. ರಾತ್ರಿ ಡೇಟಾ ಆರಬೇಕು. ಏತಕ್ಕೆ? ಸಂದೇಶಗಳ ಶಬ್ದಕ್ಕೆ ಅಮ್ಮ ಎಚ್ಚರಗೊಳ್ಳಬಾರದೆಂದು. ಹಾಗಾದರೆ ಡೇಟಾ ಆರಿಸುವುದೇ ಬೇಡ! ಫೋನಿನಲ್ಲೇ ಇರುವ ಡು ನಾಟ್ ಡಿಸ್ಟರ್ಬ್‌ಗೆ ಸಮಯ ಕಟ್ಟಿ, ನಿಮ್ಮ ನಂಬರಿಗೆ ವಿನಾಯಿತಿ ಕೊಡಿ. ನಾಲ್ಕೂ ಕೆಲಸ ಮುಗಿಯಿತು, ರೂಟ್ ಎಲ್ಲಿಯೂ ಬರಲಿಲ್ಲ. ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚುವ ಅಗತ್ಯವಿರಲಿಲ್ಲ.

ಅನುಮತಿ ಸಾಲದ ಕೆಲಸಗಳಿಗೂ ನಡುವಿನ ದಾರಿಗಳಿವೆ. ಒಂದು, ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಎಡಿಬಿ ಎಂಬ ಸಾಧನದಿಂದ ಆ್ಯಪ್‌ಗೆ ಒಂದು ವಿಶೇಷ ಅನುಮತಿ ಕೊಡುವುದು. ಲೊಕೇಶನ್ ಹಾಕುವುದು, ಆರಿಸುವುದು ಮುಂತಾದವು ಇದರಿಂದ ಆಗುತ್ತವೆ. ಆ್ಯಪ್ ತೆಗೆಯುವವರೆಗೂ ಈ ಅನುಮತಿ ಉಳಿಯುತ್ತದೆ. ಹಾಗಾಗಿ ಕೆಲಸ ಮುಗಿದ ಮೇಲೆ ಡೆವಲಪರ್ ಆಪ್ಶನ್ಸ್ ಆರಿಸಿಬಿಡಿ. ಅದು ಆನ್ ಇದ್ದರೆ ಸಿಡಿಮಿಡಿ ಮಾಡುವ ಬ್ಯಾಂಕ್ ಆ್ಯಪ್‌ಗಳಿವೆ.

ಎರಡು, ಶಿಜುಕು ಎಂಬ ಆ್ಯಪ್. ಆಂಡ್ರಾಯ್ಡ್ ೧೧ ಮತ್ತು ಅದರ ನಂತರದ ಫೋನುಗಳಲ್ಲಿ ಕಂಪ್ಯೂಟರಿಲ್ಲದೆ ವೈರ್‌ಲೆಸ್ ಡಿಬಗಿಂಗ್ ಮೂಲಕ ಇದನ್ನು ಶುರು ಮಾಡಬಹುದು. ಮೊಬೈಲ್ ಡೇಟಾ ಗುಂಡಿಯೂ ಇದರ ಕೈಗೆ ಎಟುಕುತ್ತದೆ. ಆದರೆ ಫೋನು ಆರಿ ಹಚ್ಚಿದಾಗ ಸಾಮಾನ್ಯವಾಗಿ ಮತ್ತೆ ಶುರು ಮಾಡಬೇಕು, ಡೆವಲಪರ್ ಆಪ್ಶನ್ಸ್ ಆನ್ ಇರಲೇಬೇಕು. ನಿಮ್ಮ ಫೋನಿಗೆ ಸರಿ, ಅಮ್ಮನ ಫೋನಿಗೆ ಕಷ್ಟ.

ಮೂರು, ಆಕ್ಸೆಸಿಬಿಲಿಟಿ ಸೇವೆ. ಇಲ್ಲಿ ಆ್ಯಪ್ ನಿಮ್ಮ ಬದಲು ಪರದೆಯ ಮೇಲಿನ ಗುಂಡಿ ಒತ್ತುತ್ತದೆ. ಪ್ಲೇ ಸ್ಟೋರ್‌ನ ಹೊರಗಿನಿಂದ ತಂದ ಆ್ಯಪ್‌ಗೆ ೨೦೨೨ರ ಆಂಡ್ರಾಯ್ಡ್ ೧೩ರಿಂದ ಇದು ಸುಲಭವಾಗಿ ಸಿಗುವುದಿಲ್ಲ. ಪರದೆಯನ್ನೇ ಓದಬಲ್ಲ ಅಧಿಕಾರವಾದ್ದರಿಂದ, ನಂಬಿದ ಆ್ಯಪ್‌ಗೆ ಮಾತ್ರ ಕೊಡಿ.

ಫೋನಿನ ಬೀಗ ಮುರಿಯದೆ ದೊಡ್ಡ ಕೆಲಸ ಮಾಡಿಸಿದವರು ಮಹಾರಾಷ್ಟ್ರದಲ್ಲೇ ಇದ್ದಾರೆ. ರೈತರು ರಾತ್ರಿ ಹೊತ್ತು ಪಂಪು ಹಚ್ಚಲು ಹೊಲಕ್ಕೆ ನಡೆಯುವ ಕಷ್ಟ ತಪ್ಪಿಸಲು ಪುಣೆಯ ಸಂತೋಷ್ ಓಸ್ತ್ವಾಲ್ ‘ನ್ಯಾನೊ ಗಣೇಶ್’ ಎಂಬ ಸಾಧನ ರೂಪಿಸಿದರು. ಮನೆಯಲ್ಲಿದ್ದುಕೊಂಡೇ ಫೋನಿನಿಂದ ಹೊಲದ ಪಂಪು ಹಚ್ಚಿ ಆರಿಸುವ ಈ ಸಾಧನಕ್ಕೆ ೨೦೦೯ರಲ್ಲಿ ನೋಕಿಯಾ ಕಂಪನಿಯ ಸ್ಪರ್ಧೆಯಲ್ಲಿ ಬಹುಮಾನ ಬಂತು. ಅಂಥ ಸಾಧನ ಪಂಪಿನ ಬಳಿ ಕುಳಿತಿರುತ್ತದೆ, ಕೈಯಲ್ಲಿರುವುದು ಸಾಮಾನ್ಯ ಫೋನು. ನಾಸಿಕ್‌ನ ದ್ರಾಕ್ಷಿ ತೋಟದವರೂ ಎಸ್‌ಎಂಎಸ್‌ಗೆ ಓಗೊಡುವ ಸ್ಟಾರ್ಟರ್ ಇಟ್ಟುಕೊಂಡರೆ, ಆಟೋಮೇಶನ್ ಆ್ಯಪ್ ಹೊತ್ತಿಗೆ ಸರಿಯಾಗಿ ಒಂದು ಸಂದೇಶ ಕಳಿಸಿದರಾಯಿತು.

ಕೊನೆಯ ಮಾತು

ರೂಟ್ ಕಲಿಯಲೇಬೇಕೆಂಬ ಆಸೆ ಇದ್ದರೆ ತಪ್ಪಲ್ಲ. ಕಪಾಟಿನಲ್ಲಿ ಬಿದ್ದಿರುವ ಹಳೆಯ ಫೋನು ತೆಗೆದುಕೊಳ್ಳಿ. ಸಿಮ್ ಬೇಡ, ಬ್ಯಾಂಕ್ ಬೇಡ. ಅದರ ಮೇಲೆ ಮೂರು ಹೆಜ್ಜೆಗಳನ್ನೂ ಮಾಡಿ ನೋಡಿ. ಸಿಕ್ಕಿಹಾಕಿಕೊಂಡರೆ ಅಂಗಡಿಗೆ ಓಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ರೂಟ್ ಇದೆಯೇ? ಒಪ್ಪಿಗೆ ಇದೆಯೇ? ಆ್ಯಪ್ ಸರಿಯಾದ ಕಡೆ ನೋಡುತ್ತಿದೆಯೇ?

ಅಮ್ಮನ ಫೋನಿನ ಬೀಗ ಮಾತ್ರ ಹಾಗೆಯೇ ಇರಲಿ. ಮುಂದಿನ ಸಲ ಸಂಭಾಜಿನಗರಕ್ಕೆ ಹೋದಾಗ ಹತ್ತು ನಿಮಿಷ ಅವರ ಪಕ್ಕ ಕುಳಿತು ಆ ಎರಡು ಅನುಮತಿ ಕೊಟ್ಟು ಬನ್ನಿ. ಆಮೇಲೆ ಒಳಕೋಣೆಗೆ ಹೋಗಿ ಅವರ ನಂಬರಿಗೆ ಎರಡು ಸಲ ಕರೆ ಮಾಡಿ. ಸೈಲೆಂಟ್‌ನಲ್ಲಿದ್ದ ಫೋನು ಅಡುಗೆಮನೆಗೆ ಕೇಳುವಷ್ಟು ಜೋರಾಗಿ ಬಾರಿಸಿದರೆ ನಿಮ್ಮ ಕೆಲಸ ಆಯಿತು.

ನಿಮ್ಮ ಪ್ರಶ್ನೆಗಳಿದ್ದರೆ ಬರೆಯಿರಿ. ಬರೆಯುವಾಗ ಫೋನಿನ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಪರದೆಯ ಮೇಲೆ ಬಂದ ಮಾತು, ಈ ಮೂರನ್ನೂ ತಪ್ಪದೆ ತಿಳಿಸಿ.